ಸಾವಯವಕ್ಕೆ ಸರ್ಕಾರದ ಹಣ: ಯಾವ ಸಹಾಯಧನ ಯಾವ ಹೊಲಕ್ಕೆ ಹೊಂದುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ರಾಸಾಯನಿಕ ಗೊಬ್ಬರ ಹಾಕುವಾಗ ಒಂದು ಹೊಲದಲ್ಲಿ 100 ಚೀಲ ಬೆಳೆ ಬರುತ್ತಿತ್ತು ಎಂದಿಟ್ಟುಕೊಳ್ಳಿ. ಚೀಲಕ್ಕೆ 100ರಂತೆ ಮಾರಿದರೆ ಕೈಗೆ 10,000. ಸಾವಯವಕ್ಕೆ ಹೊರಳಿದ ವರ್ಷ ಅದೇ ಹೊಲ 80 ಚೀಲ ಕೊಟ್ಟಿತು. ಆದರೆ ಇನ್ನೂ ಪ್ರಮಾಣಪತ್ರ ಬಂದಿಲ್ಲ. ಹಾಗಾಗಿ ದರ ಹಳೆಯದೇ. ಕೈಗೆ ಬಂದದ್ದು 8,000. ಕಳೆ ಕೀಳುವ ಕೂಲಿ ಮಾತ್ರ ಜಾಸ್ತಿಯಾಗಿದೆ. ತಪಾಸಣೆಯ ಶುಲ್ಕ ಬೇರೆ.

ಇದು ಒಂದು ವರ್ಷದ ಕಥೆಯಲ್ಲ. ಯುರೋಪಿನ ನಿಯಮದ ಪ್ರಕಾರ ವಾರ್ಷಿಕ ಬೆಳೆಗಾದರೆ ಬಿತ್ತನೆಗೆ ಮೊದಲು 2 ವರ್ಷ, ತೋಟದ ಬೆಳೆಗಾದರೆ ಕೊಯ್ಲಿಗೆ ಮೊದಲು 3 ವರ್ಷ ಹೊಲ ಪರಿವರ್ತನೆಯಲ್ಲಿ ಇರಬೇಕು. ಅಮೆರಿಕದಲ್ಲಿ ನಿಷೇಧಿತ ವಸ್ತು ಕೊನೆಯದಾಗಿ ಹಾಕಿದ ದಿನದಿಂದ ಕೊಯ್ಲಿನವರೆಗೆ 36 ತಿಂಗಳು ಕಳೆದಿರಬೇಕು. ಅಷ್ಟು ದಿನ ಬೆಳೆ ಸಾವಯವದ್ದೇ, ಬೆಲೆ ಮಾತ್ರ ಸಾಮಾನ್ಯದ್ದು. ಅವಧಿ ಮುಗಿದು ಚೀಲಕ್ಕೆ 125 ಸಿಕ್ಕ ದಿನ ನೀವು ಮತ್ತೆ ಹಳೆಯ 10,000ಕ್ಕೆ ಬರುತ್ತೀರಿ. ಇಳುವರಿ ಶೇ 20 ಇಳಿದರೆ ಬೆಲೆ ಶೇ 25 ಏರಬೇಕು. ಈ ಒಂದು ಲೆಕ್ಕ ಗೊತ್ತಿಲ್ಲದೆ ಎಷ್ಟೋ ಜನ ಹೊರಳಿಬಿಡುತ್ತಾರೆ.

ಇಳುವರಿ ಎಲ್ಲ ಕಡೆ ಶೇ 20ರಷ್ಟೇ ಇಳಿಯುತ್ತದೆ ಅಂತಲ್ಲ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹಲವು ದೇಶಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬೆಳೆ ಮತ್ತು ಬೇಸಾಯದ ಕ್ರಮಕ್ಕೆ ತಕ್ಕಂತೆ ವ್ಯತ್ಯಾಸ ಶೇ 5ರಿಂದ ಶೇ 34ರವರೆಗೆ ಇದೆ ಎಂದು ಅದು ಹೇಳಿತು. ಶೇ 5 ಇಳಿಯುವವನ ಕಷ್ಟವೇ ಬೇರೆ, ಶೇ 34 ಇಳಿಯುವವನ ಕಷ್ಟವೇ ಬೇರೆ ಅಲ್ವಾ?

ಸರ್ಕಾರದ ಸಹಾಯಧನ ಇರುವುದು ಈ ನಷ್ಟದ ಗುಂಡಿ ತುಂಬಲು. ಆದರೆ ಎಲ್ಲ ಸಹಾಯಧನವೂ ಇದೇ ಗುಂಡಿಗೆ ಬೀಳುವುದಿಲ್ಲ. ಕೆಲವು ಗುಂಡಿ ಮುಚ್ಚಿದ ಮೇಲೆ ಬರುತ್ತವೆ. ಕೆಲವು ಪಕ್ಕದ ಇನ್ನೊಂದು ಗುಂಡಿಗೆ ಬೀಳುತ್ತವೆ. ಆದ್ದರಿಂದ ಯೋಜನೆ ಆರಿಸುವಾಗ ಮೊತ್ತವನ್ನು ಕೊನೆಯಲ್ಲಿ ನೋಡಿ. ಮೊದಲು ನೋಡಬೇಕಾದ್ದು ಎರಡು: ಹಣ ಯಾವಾಗ ಬರುತ್ತದೆ, ಅದಕ್ಕೆ ಬದಲಾಗಿ ನೀವು ಎಷ್ಟು ವರ್ಷಕ್ಕೆ ಮಾತು ಕೊಡಬೇಕು.

ಮೊತ್ತ ಯಾಕೆ ಅಷ್ಟೇ ಇರುತ್ತದೆ

"ಸರ್ಕಾರ ಇನ್ನೂ ಸ್ವಲ್ಪ ಜಾಸ್ತಿ ಕೊಡಬಹುದಿತ್ತು" ಎಂದು ಎಲ್ಲರಿಗೂ ಅನಿಸುತ್ತದೆ. ಕೊಡದಿರಲು ಒಂದು ಕಾರಣ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ 1995ರಿಂದ ಜಾರಿಯಲ್ಲಿದೆ. ಪರಿಸರದ ಹೆಸರಿನಲ್ಲಿ ರೈತರಿಗೆ ಕೊಡುವ ಹಣಕ್ಕೆ ಅದರಲ್ಲಿ ಮಿತಿ ಇಲ್ಲ. ಆದರೆ ಒಂದು ಷರತ್ತು ಇದೆ. ಯೋಜನೆಯ ನಿಯಮ ಪಾಲಿಸಿದ್ದರಿಂದ ಆದ ಹೆಚ್ಚುವರಿ ಖರ್ಚು ಅಥವಾ ಕೈತಪ್ಪಿದ ಆದಾಯ, ಅಷ್ಟಕ್ಕೆ ಮಾತ್ರ ಹಣ ಕೊಡಬೇಕು. ಬಹಳ ದೇಶಗಳು ಎಕರೆಗೆ ಇಷ್ಟು ಎಂದು ನಿಗದಿ ಮಾಡುವುದು ಈ ಲೆಕ್ಕದ ಮೇಲೆ.

ಇದರ ಅರ್ಥ ಸರಳ. ಸಹಾಯಧನದಲ್ಲಿ ಲಾಭ ಇಲ್ಲ. ಅದು ಸರಾಸರಿ ಹೊಲದ ಸರಾಸರಿ ನಷ್ಟವನ್ನು ತುಂಬುತ್ತದೆ. ನಿಮ್ಮ ಹೊಲದ ನಷ್ಟ ಸರಾಸರಿಗಿಂತ ಜಾಸ್ತಿ ಇದ್ದರೆ ಮಿಕ್ಕಿದ್ದು ನಿಮ್ಮ ಜೇಬಿನಿಂದಲೇ ಹೋಗಬೇಕು. ಕಳೆ ವಿಪರೀತ ಇರುವ ಹೊಲ, ಸಗಣಿ ಗೊಬ್ಬರ ದೂರದಿಂದ ತರಿಸಬೇಕಾದ ಹೊಲ, ಒಂದೇ ಬೆಳೆಯನ್ನು ವರ್ಷಾನುಗಟ್ಟಲೆ ಬೆಳೆದು ಸೊರಗಿದ ಹೊಲ: ಇವಕ್ಕೆ ಸರಾಸರಿಯ ಹಣ ಸಾಲುವುದಿಲ್ಲ. ದನಕರು ಇದ್ದು, ಹುಲ್ಲುಗಾವಲು ಇದ್ದು, ಮೊದಲೇ ಕಡಿಮೆ ರಾಸಾಯನಿಕ ಬಳಸುತ್ತಿದ್ದವರಿಗೆ ಅದೇ ಹಣ ಆರಾಮಾಗಿ ಸಾಲುತ್ತದೆ.

ಎಕರೆ ಲೆಕ್ಕದ ಹಣ

ಹೆಚ್ಚು ದೇಶಗಳಲ್ಲಿ ಇರುವುದು ಇದೇ. ಇಷ್ಟು ಹೆಕ್ಟೇರ್ ಸಾವಯವದಲ್ಲಿದ್ದರೆ ವರ್ಷಕ್ಕೆ ಇಷ್ಟು. ಡೆನ್ಮಾರ್ಕ್ 1987ರಲ್ಲೇ ಸಾವಯವ ಬೇಸಾಯಕ್ಕೆ ಪ್ರತ್ಯೇಕ ಕಾನೂನು ಮಾಡಿ ಹೊರಳುವ ರೈತರಿಗೆ ನೆರವು ಶುರು ಮಾಡಿತು. ಯುರೋಪಿನ ಕೃಷಿ ನೀತಿಯ 1992ರ ಸುಧಾರಣೆಯ ನಂತರ ಯುರೋಪಿನ ಉಳಿದ ದೇಶಗಳಿಗೂ ಈ ಪದ್ಧತಿ ಹರಡಿತು.

ಇದರಲ್ಲಿ ಎರಡು ಬಗೆ ಇದೆ. ಒಂದು, ಪರಿವರ್ತನೆಯ ಹಣ. ಇನ್ನೊಂದು, ಮುಂದುವರಿಕೆಯ ಹಣ. ಮೊದಲನೆಯದು ಹೊರಳುವ ವರ್ಷಗಳಿಗೆ, ಸಾಮಾನ್ಯವಾಗಿ ಜಾಸ್ತಿ. ಎರಡನೆಯದು ಪ್ರಮಾಣಪತ್ರ ಬಂದ ಮೇಲೆ, ಸಾಮಾನ್ಯವಾಗಿ ಕಡಿಮೆ. ಕಾಗದದ ಮೇಲೆ ಇವೆರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನಂಬಿಕೆಯ ವಿಷಯದಲ್ಲಿ ಎರಡೂ ಒಂದೇ ಅಲ್ಲ.

ಪರಿವರ್ತನೆಯ ಹಣವನ್ನು ಸರ್ಕಾರಗಳು ಖುಷಿಯಿಂದ ಕೊಡುತ್ತವೆ. ಹೊಸ ರೈತರು ಸೇರಿದರು, ಇಷ್ಟು ಹೆಕ್ಟೇರ್ ಹೆಚ್ಚಾಯಿತು ಎಂದು ಲೆಕ್ಕ ತೋರಿಸಬಹುದಲ್ಲ. 2020ರಲ್ಲಿ ಯುರೋಪಿಯನ್ ಕಮಿಷನ್ 2030ರ ಹೊತ್ತಿಗೆ ಶೇ 25ರಷ್ಟು ಕೃಷಿಭೂಮಿ ಸಾವಯವ ಆಗಬೇಕು ಎಂಬ ಗುರಿ ಇಟ್ಟಿತು. ಅಂಥ ಗುರಿ ಇದ್ದಾಗ ಹೊಸಬರಿಗೆ ಕೈ ಬಿಚ್ಚಿ ಕೊಡುತ್ತಾರೆ. ಹಳಬರ ಹಣ ಮಾತ್ರ ಬಜೆಟ್ ಬಿಗಿಯಾದಾಗ ಮೊದಲು ಕತ್ತರಿಗೆ ಸಿಗುತ್ತದೆ. ಫ್ರಾನ್ಸ್‌ನಲ್ಲಿ 2017ರಲ್ಲಿ ಆದದ್ದು ಅದೇ. 2018ರಿಂದ ಮುಂದುವರಿಕೆಯ ಹಣಕ್ಕೆ ಕೇಂದ್ರ ಸರ್ಕಾರ ದುಡ್ಡು ಹಾಕುವುದಿಲ್ಲ, ಪರಿವರ್ತನೆಗೆ ಮಾತ್ರ ಹಾಕುತ್ತೇವೆ, ಬೇಕಿದ್ದರೆ ಪ್ರಾಂತ್ಯಗಳು ನೋಡಿಕೊಳ್ಳಲಿ ಎಂದು ಅಲ್ಲಿ ಘೋಷಿಸಿದರು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಪರಿವರ್ತನೆಯ ಹಣವನ್ನು ಲೆಕ್ಕಕ್ಕೆ ಹಿಡಿಯಿರಿ. ಮುಂದುವರಿಕೆಯ ಹಣ ಬಂದರೆ ಸಂತೋಷ, ಬರದಿದ್ದರೂ ಹೊಲ ನಡೆಯುವ ಹಾಗೆ ಯೋಜನೆ ಮಾಡಿ. ಆರನೇ ವರ್ಷವೂ ಸಹಾಯಧನ ಇಲ್ಲದೆ ಲೆಕ್ಕ ಕೂಡುವುದಿಲ್ಲ ಎಂದರೆ ತೊಂದರೆ ಇರುವುದು ಬೆಳೆಯ ಆಯ್ಕೆಯಲ್ಲೋ ಮಾರಾಟದಲ್ಲೋ.

ಇನ್ನು ಷರತ್ತು. ಯುರೋಪಿನ ಈ ಒಪ್ಪಂದಗಳು ಸಾಮಾನ್ಯವಾಗಿ 5ರಿಂದ 7 ವರ್ಷದ್ದು. ನಡುವೆ ಬಿಟ್ಟರೆ ಹಿಂದೆ ಪಡೆದದ್ದನ್ನೂ ವಾಪಸ್ ಕಟ್ಟಬೇಕಾಗಬಹುದು. ಗುತ್ತಿಗೆ ಹೊಲ ಮಾಡುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಿಮ್ಮ ಗುತ್ತಿಗೆ 3 ವರ್ಷದ್ದು, ಸರ್ಕಾರಕ್ಕೆ ಕೊಟ್ಟ ಮಾತು 5 ವರ್ಷದ್ದು. ಮೂರನೇ ವರ್ಷ ಜಮೀನಿನ ಮಾಲೀಕರು "ಇನ್ನು ಬೇಡ, ಬೇರೆಯವರಿಗೆ ಕೊಡ್ತೀನಿ" ಅಂದರೆ? ಹೊಲ ಸಾವಯವ ಮಾಡಿದ ಶ್ರಮ ಮುಂದಿನವನಿಗೆ, ಹಣ ಹಿಂದಿರುಗಿಸುವ ನೋಟಿಸ್ ನಿಮಗೆ. ಗುತ್ತಿಗೆಯ ಅವಧಿಯನ್ನು ಒಪ್ಪಂದದ ಅವಧಿಗೆ ಸರಿಹೊಂದಿಸಿ, ಬರವಣಿಗೆಯಲ್ಲಿ ಪಡೆದ ಮೇಲೆಯೇ ಅರ್ಜಿ ಹಾಕಿ. ಬಾಯಿಮಾತಿನ ಗುತ್ತಿಗೆಯ ಮೇಲೆ ಎಕರೆ ಲೆಕ್ಕದ ಸಹಾಯಧನಕ್ಕೆ ಸಹಿ ಹಾಕಲೇಬೇಡಿ.

ಹಣ ಬರುವ ಸಮಯವನ್ನೂ ನೋಡಿ. ಯುರೋಪಿನಲ್ಲಿ ಹೆಕ್ಟೇರ್ ಲೆಕ್ಕದ ಹಣವನ್ನು ಡಿಸೆಂಬರ್ 1ರಿಂದ ಮುಂದಿನ ಜೂನ್ 30ರೊಳಗೆ ಕೊಡಬೇಕು ಎಂಬ ನಿಯಮ ಇದೆ. ಸ್ವಲ್ಪ ಭಾಗ ಅಕ್ಟೋಬರ್ ಮಧ್ಯದಿಂದ ಮುಂಗಡವಾಗಿ ಬರಬಹುದು. ಅಂದರೆ ಈ ವಸಂತದಲ್ಲಿ ಬಿತ್ತಿದ ಬೆಳೆಗೆ ಹಣ ಬರುವಾಗ ಆ ಬೆಳೆ ಕೊಯ್ದು, ಮಾರಿ, ಎಷ್ಟೋ ತಿಂಗಳಾಗಿರುತ್ತದೆ. ಸುಮಾರು ಒಂದು ವರ್ಷದ ಖರ್ಚನ್ನು ಕೈಯಿಂದ ಹಾಕಿಕೊಳ್ಳುವ ಶಕ್ತಿ ಇಲ್ಲದವರು ಈ ಹಣವನ್ನು ನಂಬಿ ಸಾಲ ಮಾಡಿದರೆ ಬಡ್ಡಿಯೇ ಸಹಾಯಧನದ ಒಂದು ಪಾಲನ್ನು ತಿಂದುಬಿಡುತ್ತದೆ.

ಯೋಜನೆ ಇದೆ ಎಂಬುದೂ, ನಿಮ್ಮ ಕೈಯಲ್ಲಿ ಒಪ್ಪಂದ ಇದೆ ಎಂಬುದೂ ಬೇರೆ ಬೇರೆ. 2025ರ ಮಾರ್ಚ್ 11ರಂದು ಇಂಗ್ಲೆಂಡಿನ ಸುಸ್ಥಿರ ಕೃಷಿ ಪ್ರೋತ್ಸಾಹ ಯೋಜನೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಮುನ್ಸೂಚನೆಯೇ ಇಲ್ಲದೆ ನಿಲ್ಲಿಸಿದರು. ಸಾವಯವದ ಕಂತುಗಳೂ ಅದರೊಳಗೆ ಇದ್ದವು. ಒಪ್ಪಂದ ಆಗಿದ್ದವರಿಗೆ ಹಣ ಮುಂದುವರಿಯಿತು. ಅರ್ಜಿ ತುಂಬುತ್ತಾ ಕೂತಿದ್ದವರ ಮುಖಕ್ಕೆ ಅಂದು ಬಾಗಿಲು ಮುಚ್ಚಿತು. "ಯೋಜನೆ ಬರುತ್ತಂತೆ" ಎಂಬ ಮಾತಿನ ಮೇಲೆ ಹೊಲವನ್ನು ಹೊರಳಿಸಬೇಡಿ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಉತ್ಸಾಹದಲ್ಲಿ ಬೇಗ ಶುರು ಮಾಡಿ ನೋಂದಣಿಯನ್ನೂ ಮಾಡಿಸಿ, ಆಮೇಲೆ ಸಹಾಯಧನಕ್ಕೆ ಹೋಗುವುದು. ಪರಿವರ್ತನೆಯ ಹಣ ಇರುವುದು ಪರಿವರ್ತನೆಯಲ್ಲಿರುವ ಹೊಲಕ್ಕೆ. ಅದು ಮುಗಿದ ಮೇಲೆ ಹೋದರೆ ನಿಮ್ಮ ಹೊಲ ಈಗಾಗಲೇ ಸಾವಯವ, ಹಾಗಾಗಿ ಕಡಿಮೆ ದರದ ಸಾಲಿಗೆ ಸೇರುತ್ತದೆ. ಅತ್ಯಂತ ಶ್ರದ್ಧೆಯ ರೈತರೇ ಇದರಲ್ಲಿ ಕಳೆದುಕೊಳ್ಳುವುದು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇಡೀ ಜಮೀನೋ, ಒಂದು ತುಂಡೋ

ಸ್ವಿಟ್ಜರ್ಲೆಂಡಿನಲ್ಲಿ ಮೂಲ ನಿಯಮವೇ ಇಡೀ ಜಮೀನು ಸಾವಯವ ಆಗಬೇಕು ಎಂಬುದು. ಅಮೆರಿಕದಲ್ಲಿ ಒಂದೇ ರೈತ ಒಂದು ಹೊಲ ಸಾವಯವ, ಇನ್ನೊಂದು ಸಾಮಾನ್ಯ ಎಂದು ಇಟ್ಟುಕೊಳ್ಳಬಹುದು, ನಡುವೆ ಕಾಪು ಪಟ್ಟಿ (ಪಕ್ಕದ ಹೊಲದ ಔಷಧ ತಾಗದಂತೆ ಬಿಡುವ ಅಂಚು) ಬಿಟ್ಟು ದಾಖಲೆ ಬೇರೆ ಬೇರೆ ಇಟ್ಟರೆ. ಯುರೋಪಿನಲ್ಲೂ ಭಾಗ ಮಾಡಬಹುದು. ಆದರೆ ಎರಡೂ ಕಡೆ ಬೆಳೆಯುವ ತಳಿಗಳು ಕಣ್ಣಿಗೆ ಸುಲಭವಾಗಿ ಬೇರೆ ಎಂದು ಗೊತ್ತಾಗಬೇಕು.

ಒಂದು ತುಂಡಿನಿಂದ ಶುರು ಮಾಡುವುದೇ ಜಾಣತನ ಎಂದು ಬಹಳ ಜನ ಹೇಳುತ್ತಾರೆ. ಕಲಿಯಲು ಅದು ಒಳ್ಳೆಯದು, ಒಪ್ಪುತ್ತೇನೆ. ಆದರೆ ಕೆಲಸ ಕಮ್ಮಿ ಆಗುವುದಿಲ್ಲ, ಎರಡರಷ್ಟಾಗುತ್ತದೆ. ಒಂದೇ ಸ್ಪ್ರೇಯರ್ ಎರಡೂ ಹೊಲಕ್ಕೆ ಹೋಗುವ ಹಾಗಿಲ್ಲ. ಹೋಗಲೇಬೇಕಿದ್ದರೆ ತೊಳೆದ ದಾಖಲೆ ಬೇಕು. ಕಟಾವು ಯಂತ್ರದೊಳಗೆ ಸಾಮಾನ್ಯ ಹೊಲದ ಕಾಳು ಉಳಿದಿದ್ದರೆ ಅದೂ ತೊಂದರೆ. ಸಣ್ಣ ಜಮೀನಾದರೆ ಇಡೀ ಜಮೀನನ್ನು ಒಟ್ಟಿಗೆ ಹೊರಳಿಸುವುದೇ ಕೊನೆಗೆ ಹಗುರ. ದೊಡ್ಡ ಜಮೀನಾದರೆ ಒಂದು ಕಡೆಯ ಅಂಚಿನಿಂದ ಶುರು ಮಾಡಿ, ನಡುವಿನಿಂದ ಬೇಡ. ನಡುವೆ ಇದ್ದರೆ ನಾಲ್ಕೂ ಕಡೆ ಕಾಪು ಪಟ್ಟಿ ಬಿಡಬೇಕಾಗುತ್ತದೆ.

ಶುಲ್ಕ ವಾಪಸ್ ಕೊಡುವ ಯೋಜನೆ

ಅಮೆರಿಕದಲ್ಲಿ ಎಕರೆ ಲೆಕ್ಕಕ್ಕಿಂತ ಇದಕ್ಕೆ ಒತ್ತು ಜಾಸ್ತಿ. ರೈತ ಪ್ರಮಾಣಪತ್ರದ ಶುಲ್ಕವನ್ನು ಮೊದಲು ತಾನೇ ಕಟ್ಟುತ್ತಾನೆ. ಆಮೇಲೆ ರಸೀದಿ ಕೊಟ್ಟು ಒಂದು ಪಾಲು ವಾಪಸ್ ಪಡೆಯುತ್ತಾನೆ. 2018ರ ಕೃಷಿ ಕಾನೂನಿನ ಪ್ರಕಾರ ಶುಲ್ಕದ ಶೇ 75, ಒಂದು ವಿಭಾಗಕ್ಕೆ ಹೆಚ್ಚೆಂದರೆ 750 ಡಾಲರ್. ಬೆಳೆ ಒಂದು ವಿಭಾಗ, ಜಾನುವಾರು ಇನ್ನೊಂದು, ಸಂಸ್ಕರಣೆ ಮತ್ತೊಂದು.

ಇದರಲ್ಲಿ ದೊಡ್ಡ ಅನುಕೂಲ ಒಂದಿದೆ. ಐದು ವರ್ಷದ ಮಾತು ಕೊಡಬೇಕಿಲ್ಲ. ಮುಂದಿನ ವರ್ಷ ಬಿಟ್ಟರೂ ಯಾರೂ ಹಳೆಯ ಹಣ ಕೇಳುವುದಿಲ್ಲ. ಗುತ್ತಿಗೆ ಹೊಲದವರಿಗೆ, ಇನ್ನೂ ಮನಸ್ಸು ಗಟ್ಟಿ ಮಾಡದವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಕೊರತೆಯೂ ಅಷ್ಟೇ ಸ್ಪಷ್ಟ. ಮೇಲೆ ಹೇಳಿದ ಗುಂಡಿಯಲ್ಲಿ ಶುಲ್ಕ ಒಂದು ಹಿಡಿ ಮಣ್ಣು ಅಷ್ಟೆ. ಇಳುವರಿಯ ನಷ್ಟಕ್ಕೆ, ಕೂಲಿಗೆ ಇದು ಏನೂ ಕೊಡುವುದಿಲ್ಲ. ದರವೂ ಅಲ್ಲಾಡುತ್ತದೆ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಇದನ್ನು ಶೇ 50ಕ್ಕೆ, 500 ಡಾಲರಿಗೆ ಇಳಿಸಿತು. ಇಳಿಸಿದ್ದು 2019ರ ಅಕ್ಟೋಬರ್‌ನಿಂದ ಕಟ್ಟಿದ ಶುಲ್ಕಕ್ಕೂ ಅನ್ವಯಿಸಿತು. 1,000 ಡಾಲರ್ ಕಟ್ಟಿ 750 ಬರುತ್ತದೆ ಎಂದು ಕೂತವರಿಗೆ 500 ಬಂತು. ವಾಪಸ್ ಬರುವ ಹಣ ಯಾವುದೇ ಆಗಲಿ, ಕೈಗೆ ಬಂದ ಮೇಲೆಯೇ ನಿಮ್ಮದು.

ತೀರಾ ಸಣ್ಣ ರೈತರಿಗೆ ಒಂದು ಬದಿಯ ಮಾತು. ಅಮೆರಿಕದಲ್ಲಿ ವರ್ಷಕ್ಕೆ 5,000 ಡಾಲರ್‌ಗಿಂತ ಕಡಿಮೆ ಸಾವಯವ ಮಾರಾಟ ಇದ್ದರೆ ಪ್ರಮಾಣಪತ್ರವೇ ಕಡ್ಡಾಯವಲ್ಲ. ನಿಯಮ ಪಾಲಿಸಬೇಕು, ಅಧಿಕೃತ ಮುದ್ರೆ ಮಾತ್ರ ಹಾಕುವಂತಿಲ್ಲ. ಪರಿಚಯದವರಿಗೇ ಮಾರುವವರು ಶುಲ್ಕದ ಸಹಾಯಧನಕ್ಕೆ ಓಡಾಡುವ ಮೊದಲು ಇಂಥ ವಿನಾಯಿತಿ ತಮಗೆ ಇದೆಯಾ ಎಂದು ಕೇಳಿಕೊಳ್ಳಲಿ.

ಗುಂಪಿನ ಮೂಲಕ ಬರುವ ಹಣ

ಭಾರತದ ಪರಂಪರಾಗತ ಕೃಷಿ ವಿಕಾಸ ಯೋಜನೆ ಈ ಬಗೆಯದು. 2015-16ರಲ್ಲಿ ಶುರುವಾಯಿತು. ಸುಮಾರು 20 ಹೆಕ್ಟೇರಿನ ಗುಂಪು, 3 ವರ್ಷದ ನೆರವು. ಮೊದಲು ಹೆಕ್ಟೇರಿಗೆ 3 ವರ್ಷಕ್ಕೆ 50,000 ರೂಪಾಯಿ ಇತ್ತು. ಅದರಲ್ಲಿ 31,000 ಗೊಬ್ಬರ, ಬೀಜದಂಥ ಒಳಸುರಿಗೆ ನೇರವಾಗಿ ರೈತರ ಖಾತೆಗೆ. ಆಮೇಲೆ ಪರಿಷ್ಕರಿಸಿ ಒಟ್ಟು 31,500, ನೇರ ಪಾಲು 15,000 ಎಂದು ಮಾಡಿದರು. ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರಾಟದ ಏರ್ಪಾಡಿಗೆ.

ಇಲ್ಲಿ ಒಂದು ವಿಷಯ ಗಮನಿಸಿ. ಘೋಷಣೆಯಲ್ಲಿ ಕೇಳುವ ಮೊತ್ತ ಒಂದು, ಖಾತೆಗೆ ಬೀಳುವ ಮೊತ್ತ ಇನ್ನೊಂದು. ಮೋಸ ಅಂತ ಇದರರ್ಥವಲ್ಲ. ತರಬೇತಿಗೂ ಕಾಗದಪತ್ರಕ್ಕೂ ನಿಜವಾಗಿ ಹಣ ಬೇಕು. ಆದರೆ ನಿಮ್ಮ ಗುಂಡಿ ತುಂಬುವುದು ಖಾತೆಗೆ ಬಿದ್ದ ಪಾಲು ಮಾತ್ರ. ಹೋಲಿಸುವಾಗ ಆ ಸಂಖ್ಯೆಯನ್ನೇ ಹೋಲಿಸಿ.

ಈ ಯೋಜನೆಯ ಜೊತೆಗೆ ಬರುವುದು ಪಿಜಿಎಸ್, ಅಂದರೆ ರೈತರೇ ಒಬ್ಬರ ಹೊಲವನ್ನು ಒಬ್ಬರು ತಪಾಸಣೆ ಮಾಡಿ ಭರವಸೆ ಕೊಡುವ ಪದ್ಧತಿ. ಖರ್ಚು ಬಹಳ ಕಡಿಮೆ. ಕಲಿಯುವುದು ಬಹಳ. ಪಕ್ಕದ ಹೊಲದವರು ಹುಳಕ್ಕೆ ಏನು ಮಾಡಿದರು ಎಂಬುದು ತಪಾಸಣೆಗೆ ಹೋದಾಗ ಕಣ್ಣಾರೆ ಕಾಣುತ್ತದೆ. ಆದರೆ ರಫ್ತು ಮಾಡಬೇಕೆಂದರೆ ಇದು ಸಾಲದು. 2001ರಲ್ಲಿ ಬಂದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಅಡಿಯಲ್ಲಿ ಹೊರಗಿನ ಸಂಸ್ಥೆಯಿಂದ ಪ್ರಮಾಣಪತ್ರ ಬೇಕು. ಮೂರು ವರ್ಷ ಕಳೆದ ಮೇಲೆ "ನಮ್ಮ ಸರಕಿಗೆ ಈ ಪ್ರಮಾಣಪತ್ರ ಆಗಲ್ಲ" ಎಂದು ಕೊಳ್ಳುವವರು ಹೇಳಿದರೆ ಆ ಮೂರು ವರ್ಷದ ನೋವು ದೊಡ್ಡದು. ಯಾರಿಗೆ ಮಾರುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಪ್ರಮಾಣಪತ್ರ ಆಮೇಲೆ. ಅದಕ್ಕೆ ಹೊಂದುವ ಸಹಾಯಧನ ಅದರ ನಂತರ.

ಯುರೋಪಿನಲ್ಲೂ 2022ರಿಂದ ಜಾರಿಯಾದ ಹೊಸ ನಿಯಮದಲ್ಲಿ ಸಣ್ಣ ರೈತರ ಗುಂಪಿಗೆ ಒಂದೇ ಪ್ರಮಾಣಪತ್ರ ಸಿಗುತ್ತದೆ. ಒಂದು ಗುಂಪಿನಲ್ಲಿ ಹೆಚ್ಚೆಂದರೆ 2,000 ಜನ. ಗುಂಪು ಎಂದರೆ ಖರ್ಚು ಹಂಚಿಕೆ. ಅದರ ಜೊತೆಗೆ ತಪ್ಪಿನ ಹಂಚಿಕೆಯೂ ಬರುತ್ತದೆ. ಒಳಗಿನ ಉಸ್ತುವಾರಿ ಸಡಿಲವಾಗಿ ಒಬ್ಬರು ರಾತ್ರಿ ಹೋಗಿ ಯೂರಿಯಾ ಚೆಲ್ಲಿ ಬಂದರೆ ಎಲ್ಲರ ಪ್ರಮಾಣಪತ್ರಕ್ಕೂ ಕುತ್ತು. ಗುಂಪು ಸೇರುವ ಮುನ್ನ ಸದಸ್ಯರ ಪಟ್ಟಿ ತರಿಸಿ ನೋಡಿ. ಹತ್ತು ಹೆಸರಿಗೆ ಎಂಟು ನಿಮಗೆ ಮುಖಪರಿಚಯ ಇಲ್ಲದಿದ್ದರೆ ಅದು ಗುಂಪಲ್ಲ, ಬರೀ ಪಟ್ಟಿ.

ಸಿಕ್ಕಿಂ ಈ ದಾರಿಯ ದೊಡ್ಡ ಉದಾಹರಣೆ. 2003ರಲ್ಲಿ ವಿಧಾನಸಭೆಯಲ್ಲಿ ನಿರ್ಣಯ, 2016ರಲ್ಲಿ ಸಂಪೂರ್ಣ ಸಾವಯವ ರಾಜ್ಯ ಎಂಬ ಘೋಷಣೆ, ಸುಮಾರು 75,000 ಹೆಕ್ಟೇರ್. ನಡುವೆ 13 ವರ್ಷ. ಗುಂಪಿನ ಕೆಲಸಕ್ಕೆ 3 ವರ್ಷದ ಯೋಜನೆ ಎಷ್ಟು ಚಿಕ್ಕದು ಎಂದು ಇದರಿಂದ ತಿಳಿಯುತ್ತದೆ.

ಯಂತ್ರಕ್ಕೆ, ಗೋದಾಮಿಗೆ ಕೊಡುವ ಹಣ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಳೆ ತೆಗೆಯುವ ಯಂತ್ರ, ಕಾಂಪೋಸ್ಟ್ ಗುಂಡಿ, ಪ್ರತ್ಯೇಕ ಗೋದಾಮು: ಇವಕ್ಕೆ ಒಮ್ಮೆ ಸಿಗುವ ಹಣ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕಳೆಯೇ ನಿಮ್ಮ ಮುಖ್ಯ ಶತ್ರು ಆಗಿದ್ದರೆ ಎರಡು ವರ್ಷದ ಎಕರೆ ಹಣಕ್ಕಿಂತ ಒಂದು ಒಳ್ಳೆಯ ಯಂತ್ರ ಮೇಲು. ಎರಡು ಎಚ್ಚರಿಕೆ ಸಾಕು. ಮಂಜೂರಾತಿಗೆ ಮುಂಚಿನ ತಾರೀಖಿನ ಬಿಲ್ ಸಾಮಾನ್ಯವಾಗಿ ನಡೆಯುವುದಿಲ್ಲ. ನಿಮ್ಮ ಪಾಲಿನ ಹಣ ನಿಮ್ಮ ಹತ್ತಿರ ಇರಬೇಕು. ಸಹಾಯಧನ ಸಿಗುತ್ತದೆ ಎಂದು ಸುಮ್ನೆ ಬೇಡದ ಯಂತ್ರ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಬೇಡಿ.

ಕೊಳ್ಳುವ ಕಡೆಯಿಂದ ಬರುವ ನೆರವು

ಇದು ಸಹಾಯಧನದ ಹಾಗೆ ಕಾಣುವುದೇ ಇಲ್ಲ. ರೈತನ ಖಾತೆಗೆ ಸರ್ಕಾರದಿಂದ ಏನೂ ಬರುವುದಿಲ್ಲ. ಬದಲಿಗೆ ಶಾಲೆ, ಆಸ್ಪತ್ರೆ, ವೃದ್ಧಾಶ್ರಮಗಳ ಅಡುಗೆಮನೆ ಸಾವಯವವನ್ನೇ ಕೊಳ್ಳುತ್ತದೆ. ಕೋಪನ್‌ಹೇಗನ್ ನಗರ 2007ರಲ್ಲಿ ತನ್ನ ಸಾರ್ವಜನಿಕ ಅಡುಗೆಮನೆಗಳು 2015ರ ಹೊತ್ತಿಗೆ ಶೇ 90 ಸಾವಯವ ಬಳಸಬೇಕು ಎಂದು ಗುರಿ ಇಟ್ಟು ಸುಮಾರು ಶೇ 88 ಮುಟ್ಟಿತು. ನಗರ ಖರ್ಚು ಮಾಡಿದ್ದು ಮುಖ್ಯವಾಗಿ ಅಡುಗೆಯವರ ತರಬೇತಿಗೆ. ಮಾಂಸ ಕಡಿಮೆ, ಋತುವಿನ ತರಕಾರಿ ಜಾಸ್ತಿ, ಎಸೆಯುವುದು ಕಡಿಮೆ. ಬ್ರೆಜಿಲ್‌ನಲ್ಲಿ 2009ರ ಕಾನೂನು ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30 ಪಾಲನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಖರ್ಚು ಮಾಡಬೇಕು ಎಂದಿತು. ಸಾವಯವಕ್ಕೆ ಶೇ 30ರವರೆಗೆ ಹೆಚ್ಚು ಬೆಲೆ ಕೊಡಲು ಅಲ್ಲಿ ಅವಕಾಶ ಇದೆ.

ನಮ್ಮ ಮೊದಲ ಲೆಕ್ಕಕ್ಕೆ ಹಿಂತಿರುಗಿ. 80 ಚೀಲಕ್ಕೆ ಬೇಕಿದ್ದದ್ದು ಶೇ 25 ಹೆಚ್ಚು ಬೆಲೆ. ಶೇ 30 ಸಿಕ್ಕರೆ 10,400. ಯಾವ ಎಕರೆ ಹಣವೂ ಇಲ್ಲದೆ ಹೊಲ ಹಳೆಯ 10,000ವನ್ನು ದಾಟಿತು!

ಈ ನೆರವಿಲ್ಲದೆ ಎಕರೆ ಹಣ ಮಾತ್ರ ಸುರಿದರೆ ಏನಾಗುತ್ತದೆ? 2024ರಲ್ಲಿ ಯುರೋಪಿಯನ್ ಒಕ್ಕೂಟದ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನೇ ಕೇಳಿತು. 2014ರಿಂದ 2022ರವರೆಗೆ ಸಾವಯವ ಬೇಸಾಯಕ್ಕೆ ಸುಮಾರು 1,200 ಕೋಟಿ ಯೂರೋ ಕೊಟ್ಟಾಗಿತ್ತು. ಭೂಮಿಯ ವಿಸ್ತೀರ್ಣ ಹೆಚ್ಚಿತು, ಆದರೆ ಮಾರುಕಟ್ಟೆ ಬೆಳೆಸುವತ್ತ ಗಮನ ಸಾಲಲಿಲ್ಲ, ಬೆಳೆ ಬದಲಾವಣೆಯ ನಿಯಮ ಪಾಲಿಸದವರಿಗೂ ಹಣ ಹೋಗಿದೆ ಎಂದು ವರದಿ ಹೇಳಿತು. ಕೆಲವೆಡೆ ಸಾವಯವ ಉತ್ಪನ್ನ ಮಾರದೆಯೇ ಸಹಾಯಧನ ಪಡೆಯಬಹುದಿತ್ತು.

ಆದರೆ ಈ ನೆರವೂ ಪರಿವರ್ತನೆಯ ವರ್ಷಗಳಲ್ಲಿ ಸಿಗುವುದಿಲ್ಲ. ಪ್ರಮಾಣಪತ್ರ ಬಂದ ಮೇಲೆಯೇ ಇದರ ಬಾಗಿಲು ತೆರೆಯುವುದು. ಅಡುಗೆಮನೆಗೆ ಪ್ರತಿ ವಾರ, ಹೇಳಿದಷ್ಟು, ಹೇಳಿದ ದಿನ ಸರಕು ಮುಟ್ಟಬೇಕು. ಒಬ್ಬಂಟಿ ರೈತನಿಗೆ ಕಷ್ಟ, ಗುಂಪಿಗೆ ಸಾಧ್ಯ.

ತಪಾಸಣೆಯ ದಿನ

ಯಾವ ಸಹಾಯಧನ ತೆಗೆದುಕೊಂಡರೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಈ ದಿನ ಬರುತ್ತದೆ. ತಪಾಸಣೆಗೆ ಬಂದವರು ನೇರವಾಗಿ ಹೊಲಕ್ಕೆ ಹೋಗುತ್ತಾರೆ ಎಂದುಕೊಳ್ಳಬೇಡಿ. ಮೊದಲು ಸಾಮಾನು ಇಡುವ ಕೋಣೆ. ಮೂಲೆಯಲ್ಲಿ ಹಳೆಯ ಬೀಜದ ಪ್ಯಾಕೆಟ್ ಇದೆಯಾ? ಒಳಗಿನ ಕಾಳು ಗುಲಾಬಿಯೋ ನೀಲಿಯೋ ಇದ್ದರೆ ಅದು ಔಷಧ ಸವರಿದ ಬೀಜ. ತಿನ್ನಬಾರದು ಎಂದು ಗೊತ್ತಾಗಲಿ ಅಂತಲೇ ಆ ಬಣ್ಣ ಹಚ್ಚಿರುತ್ತಾರೆ. "ಅದು ಹಳೇದು, ಬಿತ್ತಿಲ್ಲ" ಎಂದರೆ ಸಾಲದು. ಬಿತ್ತಿದ ಬೀಜದ ಬಿಲ್ ತೋರಿಸಿ ಎನ್ನುತ್ತಾರೆ.

ಆಮೇಲೆ ಪುಸ್ತಕ. ಯಾವ ದಿನ, ಯಾವ ತುಂಡಿಗೆ, ಎಷ್ಟು ಗಾಡಿ ಗೊಬ್ಬರ, ಎಲ್ಲಿಂದ ಬಂತು. ಎಷ್ಟು ಚೀಲ ಕೊಯ್ದಿರಿ, ಎಷ್ಟು ಮಾರಿದಿರಿ, ಉಳಿದದ್ದು ಎಲ್ಲಿ. 80 ಚೀಲ ಬೆಳೆಯುವ ಹೊಲದಿಂದ 95 ಚೀಲದ ಮಾರಾಟದ ರಸೀದಿ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ರಾತ್ರಿ ಕೂತು ಬರೆದ ಇಡೀ ವರ್ಷದ ಡೈರಿಯನ್ನು ಅನುಭವಿ ಕಣ್ಣು ಮೊದಲ ಪುಟದಲ್ಲೇ ಗುರುತಿಸುತ್ತದೆ. ಮಣ್ಣಿನ ಕಲೆ ಇರುವ, ಅಲ್ಲಲ್ಲಿ ಹೊಡೆದುಹಾಕಿ ತಿದ್ದಿರುವ ಪುಸ್ತಕವೇ ನಂಬಿಕೆ ಹುಟ್ಟಿಸುವುದು.

ಕೊನೆಗೆ ಬದು. ಪಕ್ಕದವರು ಕಳೆನಾಶಕ ಹೊಡೆದರೆ ಗಾಳಿ ಯಾವ ಕಡೆ ಬೀಸುತ್ತದೆ, ನಿಮ್ಮ ಅಂಚಿನ ಸಾಲಿನ ಎಲೆ ಸುಟ್ಟಿದೆಯಾ, ನಡುವೆ ಎಷ್ಟು ಅಗಲ ಬಿಟ್ಟಿದ್ದೀರಿ. ಪಕ್ಕದವರ ಜೊತೆ ಮಾತಾಡಿ ಇಟ್ಟುಕೊಳ್ಳುವುದು ಬಹಳ ಉಪಯೋಗ. "ಹೊಡೆಯುವ ದಿನ ಒಂದು ಮಾತು ಹೇಳಿ" ಎಂದು ಕೇಳಿಕೊಂಡರೆ ಹೆಚ್ಚಿನವರು ಹೇಳುತ್ತಾರೆ.

ಅಮೆರಿಕದಲ್ಲಿ ದಾಖಲೆಗಳನ್ನು 5 ವರ್ಷ ಇಡಬೇಕು. ನಿಮ್ಮ ಯೋಜನೆಯಲ್ಲಿ ಎಷ್ಟೇ ಇರಲಿ, ಒಪ್ಪಂದ ಮುಗಿದ ಮೇಲೂ ಕೆಲವು ವರ್ಷ ಎಸೆಯಬೇಡಿ.

ಹಾಗಾದರೆ ಯಾರಿಗೆ ಯಾವುದು

ಸ್ವಂತ ಜಮೀನು, ಒಂದು ವರ್ಷ ತಡೆದುಕೊಳ್ಳುವ ಹಣ, ಹೊರಳುವ ಗಟ್ಟಿ ಮನಸ್ಸು: ಈ ಮೂರೂ ಇದ್ದರೆ ಎಕರೆ ಲೆಕ್ಕದ ಪರಿವರ್ತನೆಯ ಹಣಕ್ಕೆ ಹೋಗಿ. ಗುಂಡಿಯನ್ನು ನೇರವಾಗಿ ತುಂಬುವುದು ಇದೊಂದೇ. ಗುತ್ತಿಗೆ ಹೊಲವಾದರೆ ಶುಲ್ಕ ವಾಪಸಾತಿ ಅಥವಾ ಗುಂಪಿನ ದಾರಿ. ಒಂದೆರಡು ಎಕರೆಯವರಿಗೆ ಗುಂಪನ್ನು ಬಿಟ್ಟು ಬೇರೆ ಆಯ್ಕೆ ಯೋಚಿಸುವುದೇ ವ್ಯರ್ಥ ಎಂದು ನನಗನಿಸುತ್ತದೆ. ಒಬ್ಬರೇ ಕಟ್ಟುವ ತಪಾಸಣೆಯ ಶುಲ್ಕ ಅಷ್ಟು ಸಣ್ಣ ಬೆಳೆಗೆ ಭಾರ.

ತೋಟದ ಬೆಳೆಯವರದು ಬೇರೆ ವಿಚಾರ. ಮೂರು ವರ್ಷ ಕಾಯಬೇಕು, ಬೆಳೆ ಬದಲಿಸಲೂ ಆಗುವುದಿಲ್ಲ. ಆದರೆ ಹೊಸ ಗಿಡ ನೆಡುವವರಿಗೆ ಒಂದು ಅನುಕೂಲ ಇದೆ. ಗಿಡ ಫಸಲಿಗೆ ಬರುವ ಮೊದಲೇ ಪರಿವರ್ತನೆಯ ವರ್ಷಗಳು ಮುಗಿದುಬಿಡುತ್ತವೆ. ಫಲ ಕೊಡದ ವರ್ಷಗಳಲ್ಲೇ ಪರಿವರ್ತನೆಯ ಹಣವೂ ಬರುತ್ತದೆ. ಹಳೆಯ ತೋಟವನ್ನು ಹೊರಳಿಸುವುದಕ್ಕಿಂತ ಹೊಸ ತೋಟವನ್ನು ಸಾವಯವವಾಗಿಯೇ ಹಾಕುವುದು ಎಷ್ಟೋ ಸಲೀಸು.

ಬೀಳು ಬಿಟ್ಟ ಹೊಲ ಇದ್ದರೆ ಯೋಚಿಸಿ ಹೆಜ್ಜೆ ಇಡಿ. ಹಲವು ವರ್ಷ ಏನೂ ಹಾಕಿಲ್ಲ ಎಂದು ದಾಖಲೆಯಿಂದ ತೋರಿಸಿದರೆ ಕಾಯುವ ಅವಧಿ ಕಡಿಮೆಯಾಗಬಹುದು, ಅಮೆರಿಕದಲ್ಲಂತೂ ನೇರವಾಗಿ ಪ್ರಮಾಣಪತ್ರಕ್ಕೆ ಹೋಗಬಹುದು. ಆಗ ಒಳ್ಳೆಯ ಬೆಲೆ ಬೇಗ ಸಿಗುತ್ತದೆ, ಪರಿವರ್ತನೆಯ ಹಣ ತಪ್ಪುತ್ತದೆ. ಕೊಳ್ಳುವವರು ಸಿದ್ಧ ಇದ್ದರೆ ಬೆಲೆಯನ್ನು ಆರಿಸಿ. ಕೊಳ್ಳುವವರು ಇನ್ನೂ ಸಿಕ್ಕಿಲ್ಲ ಎಂದರೆ ಪರಿವರ್ತನೆಯ ದಾರಿಯಲ್ಲೇ ಹೋಗಿ, ಆ ವರ್ಷಗಳಲ್ಲಿ ಅವರನ್ನು ಹುಡುಕಿ.

ಎರಡು ಯೋಜನೆ ಒಟ್ಟಿಗೆ ತೆಗೆದುಕೊಳ್ಳಬಹುದೇ? ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಡುವುದಿಲ್ಲ ಎಂಬುದು ಸಾಮಾನ್ಯ ನಿಯಮ. ಎಕರೆ ಹಣ ಮತ್ತು ಶುಲ್ಕದ ಹಣ ಬೇರೆ ಬೇರೆ ಕೆಲಸಕ್ಕೆ, ಹಾಗಾಗಿ ಒಟ್ಟಿಗೆ ಸಿಗಬಹುದು. ಕೆಲವು ಕಡೆ ಶುಲ್ಕವನ್ನು ಎಕರೆ ಹಣದೊಳಗೇ ಸೇರಿಸಿರುತ್ತಾರೆ.

ಸಹಿ ಹಾಕುವ ಮುನ್ನ ಕಚೇರಿಯಲ್ಲಿ ಕೂತು ನಾಲ್ಕು ವಿಷಯ ಕೇಳಿ, ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳಿ. ನನ್ನ ಖಾತೆಗೆ ಬೀಳುವ ಮೊತ್ತ ಎಷ್ಟು, ಯಾವ ತಿಂಗಳಲ್ಲಿ? ನಡುವೆ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು? ಪಕ್ಕದ ಹೊಲದ ಔಷಧ ಗಾಳಿಯಲ್ಲಿ ಬಂದು ಪ್ರಮಾಣಪತ್ರ ಹೋದರೆ ಅದು ನನ್ನ ತಪ್ಪಾಗುತ್ತದೆಯೇ? ನಾನು ತೀರಿಕೊಂಡರೆ ಅಥವಾ ಹಾಸಿಗೆ ಹಿಡಿದರೆ ಒಪ್ಪಂದ ಮನೆಯವರ ಹೆಸರಿಗೆ ಹೋಗುತ್ತದೆಯೇ? ಕೊನೆಯ ಪ್ರಶ್ನೆ ಕೇಳಲು ಎಲ್ಲರೂ ಹಿಂಜರಿಯುತ್ತಾರೆ. ಐದು ವರ್ಷದ ಮಾತು ಕೊಡುವಾಗ ಅದನ್ನೂ ಕೇಳಿಬಿಡಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ.